ಆನೆ ತುಳಿದ ಕೆಲಸಗಾರನ ಎರಡನೆಯ ಹತ್ತು ಲಕ್ಷ

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಬಗ್ಗೆ ನಡೆಯುತ್ತಿರುವ ಚರ್ಚೆ ಗಿಗ್ ಕೆಲಸಗಾರರು, ಗ್ರಾಚ್ಯುಟಿ ಮತ್ತು ವೇತನದ ಹೊಸ ವ್ಯಾಖ್ಯೆಯನ್ನು ಬಿಟ್ಟು ಮುಂದೆ ಹೋಗಿಲ್ಲ. ತಮಿಳುನಾಡಿನ ನೀಲಗಿರಿ ಜಿಲ್ಲೆಯ ಗೂಡಲೂರು, ಪಂದಲೂರು ತಾಲ್ಲೂಕುಗಳ ಚಹಾ ತೋಟಗಳಿಗೆ ಎಲ್ಲಕ್ಕಿಂತ ಹೆಚ್ಚು ಸಂಬಂಧಿಸಿದ ನಿಯಮವನ್ನಂತೂ ಯಾರೂ ಪ್ರಸ್ತಾಪಿಸುತ್ತಿಲ್ಲ. ಕೆಲಸಗಾರನು ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮರಳುವಾಗ ಸಂಭವಿಸುವ ಅಪಘಾತವನ್ನು, ಅದು ನಡೆದ ಹೊತ್ತು, ಜಾಗ ಮತ್ತು ಸನ್ನಿವೇಶಗಳಿಗೂ ಉದ್ಯೋಗಕ್ಕೂ ಸಂಬಂಧ ಕಂಡುಬಂದರೆ, ಉದ್ಯೋಗದಲ್ಲೇ ಆದ ಅಪಘಾತವೆಂದು ಎಣಿಸಬೇಕೆಂಬುದೇ ಆ ನಿಯಮ. ಲೈನ್‌ಮನೆಯಿಂದ ನಸುಕಿನಲ್ಲಿ ಹೊರಟು ತೋಟದ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತವನ ಕುಟುಂಬಕ್ಕೆ ಅರಣ್ಯ ಇಲಾಖೆ ಕೊಡುವ ಹಣವಲ್ಲದೆ ತೋಟದ ಮಾಲೀಕನೂ ಪ್ರತ್ಯೇಕವಾಗಿ ಪರಿಹಾರ ತೆರಬೇಕಾದ ಹೊಣೆ ಇದರಿಂದ ಸ್ಪಷ್ಟವಾಗಿದ್ದು, ಆನೆ ಸರ್ಕಾರದ್ದು, ಆದ್ದರಿಂದ ಸಾವಿನ ಹೊಣೆಯೂ ಸರ್ಕಾರದ್ದೇ ಎಂಬ ವಾದಕ್ಕೆ ಕಾನೂನಿನಲ್ಲಿ ಇನ್ನು ನೆಲೆಯಿಲ್ಲ.

ಈ ಪ್ರದೇಶದಲ್ಲಿ ಆನೆ ದಾಳಿಯಿಂದ ಸಾವಾದಾಗಲೆಲ್ಲ ರಸ್ತೆ ತಡೆ, ಅಧಿಕಾರಿಗಳೊಡನೆ ಮಾತುಕತೆ, ಪರಿಹಾರದ ಮೊದಲ ಕಂತಿನ ಚೆಕ್ ಎಂಬ ಕ್ರಮದಲ್ಲಿ ಪ್ರಕರಣ ಮುಗಿಯುತ್ತದೆ. 2025ರ ಸೆಪ್ಟೆಂಬರಿನಲ್ಲಿ, ಹನ್ನೆರಡು ಸಾವುಗಳಿಗೆ ಕಾರಣವೆಂದು ಹೇಳಲಾದ ರಾಧಾಕೃಷ್ಣನ್ ಎಂಬ ಸಲಗವನ್ನು ಓ ವ್ಯಾಲಿಯಲ್ಲಿ ಪಳಗಿಸಿದ ಕುಮ್ಕಿ ಆನೆಗಳ ನೆರವಿನಿಂದ ಸೆರೆಹಿಡಿದಾಗಲೂ ಚರ್ಚೆಯಾದದ್ದು ಅದನ್ನು ಎಲ್ಲಿ ಬಿಡಬೇಕೆಂಬುದು. ಸತ್ತವರಲ್ಲಿ ಕೂಲಿಗೆ ಹೊರಟಿದ್ದವರು ಯಾರು, ಅವರ ಹೆಸರು ಯಾವ ತೋಟದ ಚೆಕ್‌ರೋಲಿನಲ್ಲಿ, ಅಂದರೆ ದಿನದ ಹಾಜರಿ ಪುಸ್ತಕದಲ್ಲಿ, ಇತ್ತು ಎಂಬ ಪ್ರಶ್ನೆ ಸಾರ್ವಜನಿಕವಾಗಿ ಏಳಲೇ ಇಲ್ಲ.

ಆ ಪ್ರಶ್ನೆಯ ಬೆಲೆಯನ್ನು ಲೆಕ್ಕ ಹಾಕಬಹುದು. ವನ್ಯಜೀವಿ ದಾಳಿಯ ಸಾವಿಗೆ ಕೇಂದ್ರದ ಯೋಜನೆಯಡಿ ಕೊಡುವ ಅನುಗ್ರಹ ಧನ, ಎಂದರೆ ಕಾನೂನಿನ ಹೊಣೆಯನ್ನು ಒಪ್ಪಿಕೊಳ್ಳದೆ ಸರ್ಕಾರ ತಾನಾಗಿ ನೀಡುವ ಮೊತ್ತ, 2023ರ ಡಿಸೆಂಬರಿನಲ್ಲಿ 10 ಲಕ್ಷ ರೂಪಾಯಿಗೆ ಏರಿತು. ಮಾಲೀಕ ಕೊಡಬೇಕಾದ ಪರಿಹಾರದ ಸೂತ್ರ ಬೇರೆ: 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ, ಸಾವಿನ ಪ್ರಕರಣದಲ್ಲಿ ತಿಂಗಳ ವೇತನದ ಅರ್ಧವನ್ನು ಸತ್ತವರ ವಯಸ್ಸಿಗೆ ಕಾಯ್ದೆಯ ಅನುಸೂಚಿ ನಿಗದಿಪಡಿಸಿದ ಗುಣಕದಿಂದ ಗುಣಿಸಬೇಕು, ಅದರ ಜಾಗಕ್ಕೆ ಬಂದ ಸಂಹಿತೆಯೂ ಇದೇ ಸೂತ್ರವನ್ನು ಉಳಿಸಿಕೊಂಡಿದೆ. ಸರ್ಕಾರದ ಚಹಾ ನಿಗಮವಾದ ಟ್ಯಾಂಟೀಯ ಕೆಲಸಗಾರರಿಗೆ 2022ರಲ್ಲಿ ನಿಗದಿಯಾದ 438 ರೂಪಾಯಿ ದಿನಗೂಲಿಯನ್ನೇ ಹಿಡಿದು, ತಿಂಗಳಿಗೆ 26 ದಿನದ ಕೆಲಸವೆಂದು ಎಣಿಸಿದರೆ ವೇತನ 11,388 ರೂಪಾಯಿ, ಅದರ ಅರ್ಧ 5,694 ರೂಪಾಯಿ. ನಲವತ್ತು ವರ್ಷದವರ ಗುಣಕ 184.17 ಆಗಿರುವುದರಿಂದ ಪರಿಹಾರ 10,48,664 ರೂಪಾಯಿಯಾಗುತ್ತದೆ. ಲೆಕ್ಕಕ್ಕೆ ಹಿಡಿಯಬಹುದಾದ ಮಾಸಿಕ ವೇತನದ ಮಿತಿಯನ್ನು ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ 8,000ದಿಂದ 15,000 ರೂಪಾಯಿಗೆ ಏರಿಸಿರುವ ಕಾರಣ ಈ ಕೂಲಿಯಲ್ಲಿ ಒಂದು ರೂಪಾಯಿಯೂ ಲೆಕ್ಕದಿಂದ ಹೊರಗುಳಿಯುವುದಿಲ್ಲ. ಅಪಘಾತವಾದ ಒಂದು ತಿಂಗಳೊಳಗೆ ಹಣ ಕಟ್ಟದ ಮಾಲೀಕ ವರ್ಷಕ್ಕೆ ಶೇ 12ರ ಬಡ್ಡಿ ತೆರಬೇಕು, ಎಂದರೆ ಇದೇ ಉದಾಹರಣೆಯಲ್ಲಿ ವರ್ಷವೊಂದಕ್ಕೆ ಸುಮಾರು 1,25,840 ರೂಪಾಯಿ. ವಿಳಂಬಕ್ಕೆ ಸಮರ್ಥನೆ ಇಲ್ಲದಿದ್ದರೆ ಮೂಲ ಮೊತ್ತದ ಅರ್ಧದಷ್ಟರವರೆಗೆ ದಂಡವೂ ಸೇರುತ್ತದೆ. ಅರಣ್ಯ ಇಲಾಖೆಯ ಚೆಕ್ಕಿನೊಂದಿಗೆ ಎಲ್ಲವೂ ಮುಗಿಯಿತೆಂದು ನಂಬಿ ಮನೆಗೆ ಮರಳುವ ಕುಟುಂಬ ಹೀಗೆ ಅಷ್ಟೇ ದೊಡ್ಡದಾದ, ದಿನ ಕಳೆದಂತೆ ಬೆಳೆಯುವ ಇನ್ನೊಂದು ಮೊತ್ತವನ್ನು ಅರಿವಿಲ್ಲದೆಯೇ ಕೈಬಿಡುತ್ತಿದೆ.

ಆನೆಯ ದಾಳಿ ಉದ್ಯೋಗದಿಂದ ಉದ್ಭವಿಸಿದ ಅಪಘಾತವೇ ಎಂಬ ಆಕ್ಷೇಪಕ್ಕೆ ಉತ್ತರ 1969ರಷ್ಟು ಹಿಂದೆಯೇ ಸಿಕ್ಕಿದೆ. ಹಡಗಿನಿಂದ ಕಾಣೆಯಾದ ನಾವಿಕನೊಬ್ಬನಿಗೆ ಸಂಬಂಧಿಸಿದ ಮೆಕಿನನ್ ಮೆಕೆಂಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಲಸದ ಸ್ವರೂಪ, ಷರತ್ತು ಅಥವಾ ಅದರ ಆನುಷಂಗಿಕ ಕರ್ತವ್ಯಗಳು ಕೆಲಸಗಾರನನ್ನು ವಿಶೇಷ ಅಪಾಯದ ವಲಯಕ್ಕೆ ತಂದಿದ್ದರೆ ಅಲ್ಲಿ ಆದ ಹಾನಿ ಉದ್ಯೋಗದಿಂದಲೇ ಉದ್ಭವಿಸಿದ್ದು ಎಂದು ವಿವರಿಸಿತು. ಸಾಕ್ಷ್ಯದ ಕೊರತೆಯಿಂದ ಆ ನಾವಿಕನ ಕುಟುಂಬ ಸೋತಿತಾದರೂ ತತ್ವ ಉಳಿಯಿತು. ಕಾಡಿನಂಚಿನ ಇಳಿಜಾರಿನಲ್ಲಿ, ಆನೆಗಳು ಓಡಾಡುವ ದಾರಿಗೆ ತಾಗಿದ ತೋಟದಲ್ಲಿ ಮಂಜು ಕವಿದ ಬೆಳಗ್ಗೆ ಸೊಪ್ಪು ಕೀಳಲು ಹೋಗುವುದು ವಿಶೇಷ ಅಪಾಯದ ವಲಯಕ್ಕೆ ಕಾಲಿಡುವುದಲ್ಲದಿದ್ದರೆ ಆ ಮಾತಿಗೆ ಅರ್ಥವೇ ಉಳಿಯದು. ಇದಲ್ಲದೆ, ಈ ಕಾಯ್ದೆಯಡಿ ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕಾಗಿಯೇ ಇಲ್ಲ; ಬೇಲಿ ಹಾಕಿದ್ದನೇ, ಎಚ್ಚರಿಕೆ ಕೊಟ್ಟಿದ್ದನೇ ಎಂಬ ವಿಚಾರಣೆ ಇಲ್ಲದೆಯೇ ಹೊಣೆ ನಿಗದಿಯಾಗುತ್ತದೆ.

ತೊಡಕಿದ್ದದ್ದು ದಾರಿಯ ಬಗ್ಗೆ ಮಾತ್ರ. ಕಾರ್ಖಾನೆಗೆ ಒಂದು ಕಿಲೋಮೀಟರ್ ದೂರದ ರಸ್ತೆಯಲ್ಲಿ ಗಾಯಗೊಂಡ ಕೆಲಸಗಾರನಿಗೆ ಇಎಸ್‌ಐ (ನೌಕರರ ರಾಜ್ಯ ವಿಮಾ) ಕಾಯ್ದೆಯ ಪರಿಹಾರ ಸಲ್ಲದೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2010ರಲ್ಲಿ ಸಂಸತ್ತು ಆ ಕಾಯ್ದೆಗೆ ತಿದ್ದುಪಡಿ ತಂದು ಪ್ರಯಾಣದ ಅಪಘಾತವನ್ನೂ ಸೇರಿಸಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ನಸುಕಿನ 3 ಗಂಟೆಯ ಪಾಳಿಗೆ ಹೊರಟು, ಇನ್ನೂ ಐದು ಕಿಲೋಮೀಟರ್ ದೂರವಿರುವಾಗ ಸತ್ತ ಪ್ರಕರಣದಲ್ಲಿ, 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ 1923ರ ಕಾಯ್ದೆಯ ‘ಉದ್ಯೋಗದಿಂದ ಉದ್ಭವಿಸಿದ ಅಪಘಾತ’ ಎಂಬ ಪದಗಳಿಗೂ ಇದೇ ಅರ್ಥ ಸಲ್ಲುತ್ತದೆ ಎಂದು ತೀರ್ಪಿತ್ತು, ಹೈಕೋರ್ಟ್ ರದ್ದುಪಡಿಸಿದ್ದ ಪರಿಹಾರವನ್ನು ಮರಳಿಸಿತು. ಆದ್ದರಿಂದ ಸಂಹಿತೆಗೆ ಮುಂಚಿನ ಸಾವುಗಳಿಗೆ ಈ ತೀರ್ಪು, ನಂತರದವುಗಳಿಗೆ ಸಂಹಿತೆ ಎಂದು ಎರಡೂ ಬದಿಯಲ್ಲಿ ರಕ್ಷಣೆಯಿದೆ.

ಮೇಸ್ತ್ರಿಯ ಅಥವಾ ಸಂಘದ ಮುಖಂಡರ ಮಧ್ಯಸ್ಥಿಕೆಯಲ್ಲಿ ಮಾಲೀಕ ಒಂದಿಷ್ಟು ನಗದು ಕೊಟ್ಟು ಕಾಗದಕ್ಕೆ ಸಹಿ ಪಡೆದಿದ್ದರೆ ಏನಾಗುತ್ತದೆ ಎಂಬುದಕ್ಕೂ ಕಾನೂನು ಖಚಿತ ಉತ್ತರ ನೀಡುತ್ತದೆ. ಸಾವಿನ ಪರಿಹಾರವನ್ನು ಆಯುಕ್ತರ ಬಳಿ, ಅಂದರೆ ಇಂಥ ಅರ್ಜಿಗಳ ವಿಚಾರಣೆಗೆ ನೇಮಕವಾದ ಕಾರ್ಮಿಕ ಇಲಾಖೆಯ ಅಧಿಕಾರಿಯಲ್ಲಿ, ಠೇವಣಿ ಇಟ್ಟರೆ ಮಾತ್ರ ಪಾವತಿಯಾದಂತೆ. ಮೂರು ತಿಂಗಳ ವೇತನ ಮೀರದ ಮುಂಗಡದ ಹೊರತು ನೇರವಾಗಿ ಕೈಗಿತ್ತ ಹಣ ಪರಿಹಾರವೆಂದು ಗಣನೆಗೆ ಬರುವುದಿಲ್ಲ, ಹಕ್ಕು ಬಿಟ್ಟುಕೊಟ್ಟೆನೆಂಬ ಒಪ್ಪಂದವೂ ಅಸಿಂಧು. ಟ್ಯಾಂಟೀ ತೋಟಗಳಲ್ಲಿ ಈ ವ್ಯತ್ಯಾಸವನ್ನು ಇನ್ನಷ್ಟು ಎಚ್ಚರದಿಂದ ಕಾಯಬೇಕು, ಏಕೆಂದರೆ ಶ್ರೀಲಂಕಾದಿಂದ ಮರಳಿದ ತಮಿಳರ ಪುನರ್ವಸತಿಗಾಗಿ 1968ರಲ್ಲಿ ಆರಂಭವಾದ ಆ ಯೋಜನೆ ಇಂದಿಗೂ ರಾಜ್ಯದ ಅರಣ್ಯ ಇಲಾಖೆಯ ಆಡಳಿತಕ್ಕೇ ಒಳಪಟ್ಟಿದ್ದು, ಅನುಗ್ರಹ ಧನ ಕೊಡುವವರೂ ಕೂಲಿ ಕೊಡುವವರೂ ಒಂದೇ ಮೇಲಧಿಕಾರದ ಕೆಳಗಿದ್ದಾರೆ. ಒಂದು ಕೈಯ ಕೊಡುಗೆಯಿಂದ ಇನ್ನೊಂದು ಕೈಯ ಋಣ ತೀರಿತೆಂದು ದಾಖಲೆ ಮಾಡಲು ಬಿಡಬಾರದು.

ಅರ್ಜಿಗೆ ಎರಡು ವರ್ಷದ ಗಡುವಿದೆ. ಸಕಾರಣವಿದ್ದರೆ ಆಯುಕ್ತರು ವಿಳಂಬವನ್ನು ಮನ್ನಿಸಬಹುದು. ಗುತ್ತಿಗೆದಾರನ ಮೂಲಕ ಬಂದವರಿಗೂ ತೋಟದ ಮಾಲೀಕನೇ ಹೊಣೆ. ಪಂದಲೂರಿನ ತೋಟಗಳಿಗೆ ಜಾರ್ಖಂಡ್‌ನಿಂದ ಬಂದ ಕುಟುಂಬಗಳು ಊರಿಗೆ ಮರಳಿದ ಮೇಲೂ, ಅರ್ಜಿದಾರರು ವಾಸಿಸುವ ಪ್ರದೇಶದ ಆಯುಕ್ತರ ಮುಂದೆಯೇ ಅರ್ಜಿ ಹಾಕಬಹುದು. ಆದರೆ 2024ರ ಜನವರಿಯಲ್ಲಿ ಅಂಥ ಕುಟುಂಬವೊಂದರ ಮೂರು ವರ್ಷದ ಮಗುವನ್ನು ಪಂದಲೂರಿನ ತೋಟದಲ್ಲಿ ಚಿರತೆ ಕೊಂದಾಗ ಈ ಯಾವ ನಿಯಮವೂ ನೆರವಿಗೆ ಬರುವಂತಿರಲಿಲ್ಲ. ತೋಟ ಕೊಟ್ಟ ಮನೆ ಕುಸಿದು ಕೆಲಸಗಾರನ ಮನೆಯವರು ಸತ್ತರೆ ಮಾಲೀಕ ಹೊಣೆಯೆಂದು ಹೇಳುವ ಕಾನೂನು, ಅದೇ ಮನೆಯ ಬಳಿ ಮೃಗ ಬಂದರೆ ಮೌನವಾಗಿದೆ. ಇದು ಶಾಸನ ರೂಪಿಸಿದವರು ತುಂಬಲೇಬೇಕಾದ ಬಿರುಕು.

ಉಳಿದುದಕ್ಕೆ ಹೊಸ ಕಾನೂನು ಬೇಕಿಲ್ಲ. 1923ರ ಕಾಯ್ದೆಯ 10ಎ ಕಲಮಿನ ಪ್ರಕಾರ, ಕೆಲಸಗಾರ ಸತ್ತ ಸುದ್ದಿ ಯಾವುದೇ ಮೂಲದಿಂದ ತಿಳಿದರೂ ಆಯುಕ್ತರು ಮಾಲೀಕನಿಗೆ ನೋಟಿಸು ಕೊಟ್ಟು, ಸಾವಿನ ಸನ್ನಿವೇಶವೇನು, ಪರಿಹಾರದ ಹೊಣೆ ಒಪ್ಪುತ್ತಾನೋ ಇಲ್ಲವೋ ಎಂಬುದಕ್ಕೆ ಮೂವತ್ತು ದಿನದಲ್ಲಿ ಲಿಖಿತ ಹೇಳಿಕೆ ಪಡೆಯಬಹುದು. ಮಾಲೀಕ ನಿರಾಕರಿಸಿದರೆ, ಅರ್ಜಿ ಹಾಕಬಹುದೆಂದು ಅವಲಂಬಿತರಿಗೆ ತಿಳಿಸಬಹುದು. ಸಂಹಿತೆಯಲ್ಲೂ ಈ ಅಧಿಕಾರ ಮುಂದುವರಿದಿದೆ. ಹೆಣವನ್ನು ಶವಪರೀಕ್ಷೆಗೆ ಸಾಗಿಸುವ ಮೊದಲೇ ಅರಣ್ಯ ಇಲಾಖೆ ಮತ್ತು ಪೊಲೀಸರು ಸಾವಿನ ವರದಿ ಬರೆಯುತ್ತಾರೆ. ಆ ವರದಿಯ ಪ್ರತಿಯೊಂದನ್ನು, ಸತ್ತವರು ಅಂದು ಯಾವ ತೋಟದ ಕೆಲಸಕ್ಕೆ ಹೊರಟಿದ್ದರೆಂಬ ವಿವರವನ್ನೂ ಸೇರಿಸಿ, ಕೂನೂರಿನ ಕಾರ್ಮಿಕ ಇಲಾಖೆಗೆ ಕಡ್ಡಾಯವಾಗಿ ಕಳುಹಿಸುವಂತೆ ನೀಲಗಿರಿ ಜಿಲ್ಲಾಡಳಿತ ಆದೇಶಿಸಿದರೆ, ಓ ವ್ಯಾಲಿಯ ವಿಧವೆಯೊಬ್ಬಳು ಕೂಲಿ ಬಿಟ್ಟು ಘಟ್ಟ ಹತ್ತಿ ಕಚೇರಿ ಹುಡುಕಬೇಕಾದ ಕೆಲಸವನ್ನು ಸರ್ಕಾರದ ಒಂದು ಕಚೇರಿ ಇನ್ನೊಂದಕ್ಕೆ ಬರೆದ ಪತ್ರವೇ ಆರಂಭಿಸುತ್ತದೆ. 2025ರಲ್ಲಿ ಸತ್ತ ಕೆಲಸಗಾರರ ಕುಟುಂಬಗಳಿಗೆ ಎರಡು ವರ್ಷದ ಗಡುವು ತೀರುವ ಮೊದಲು ಆ ಆದೇಶ ಹೊರಬೀಳಬೇಕು.