ಅಕ್ಷರ ಉಳಿದು ಕೀಲಿ ಕಳೆದಾಗ

ತುಂಗಭದ್ರೆಯ ದಂಡೆಯ ಸಿರುಗುಪ್ಪ ಸೀಮೆಯಲ್ಲಿ ನಿಟ್ಟೂರು, ಉದೇಗೋಳ ಎಂಬ ಎರಡು ಊರುಗಳಿವೆ. 1970ರ ದಶಕದ ಕೊನೆಯಲ್ಲಿ ಇಲ್ಲಿ ಬೆಳಕಿಗೆ ಬಂದ ಕಿರು ಬಂಡೆಶಾಸನಗಳು ಅಶೋಕನ ಹೆಸರನ್ನೇ ಹೊತ್ತಿರುವುದರಿಂದ ವಿಶೇಷ ಮನ್ನಣೆ ಪಡೆದಿವೆ. ಬ್ರಾಹ್ಮೀ ಲಿಪಿಯ ಈ ಪ್ರಾಕೃತ ಬರಹಗಳಿಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೀರಿದ ವಯಸ್ಸು. ಆದರೆ ಇಂತಹ ಶಾಸನಗಳ ಇತಿಹಾಸದಲ್ಲಿ ನಾವು ಮರೆಯುವ ಒಂದು ಸಂಗತಿಯಿದೆ. ಕಲ್ಲು ಅಳಿಯಲಿಲ್ಲ, ಅಕ್ಷರ ಅಳಿಯಲಿಲ್ಲ. ಆದರೂ ಶತಮಾನಗಳ ಕಾಲ ಅವನ್ನು ಓದಬಲ್ಲವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಚಿಕ್ಕ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಪದ ‘ದಾನಂ’ ಎಂದು ಗುರುತಿಸಿದ ಮೇಲೆ ಬ್ರಾಹ್ಮಿಯ ಬೀಗ ತೆರೆಯಿತು. ಪಠ್ಯವು ಉಳಿಯಬೇಕಾದರೆ ಅದನ್ನು ಹೊತ್ತ ವಸ್ತು ಉಳಿದರಷ್ಟೇ ಸಾಲದು, ಓದುವ ಕೀಲಿಯೂ ಉಳಿಯಬೇಕು.

ಹಳೆಯ ಗಣಕಯಂತ್ರಗಳ ಬಗ್ಗೆ ಈಚೆಗೆ ಹೆಚ್ಚುತ್ತಿರುವ ಹಂಬಲವನ್ನು ನಾನು ಈ ದೃಷ್ಟಿಯಿಂದ ನೋಡಬಯಸುತ್ತೇನೆ. ಯಂತ್ರದ ಬೆನ್ನಿಗಿದ್ದ ನೇರಳೆ, ಹಸಿರು ಬಣ್ಣದ ದುಂಡನೆಯ ಪೋರ್ಟುಗಳು, 25 ರಂಧ್ರಗಳ ಅಗಲವಾದ ಪ್ರಿಂಟರ್ ಪೋರ್ಟು, ಎರಡು ಬದಿಯ ತಿರುಪುಗಳನ್ನು ಬಿಗಿದು ಕೂರಿಸುತ್ತಿದ್ದ ಕೇಬಲ್ಲು, ಡಾಟ್ ಮ್ಯಾಟ್ರಿಕ್ಸ್ ಮುದ್ರಕದ ಕರಕರ ಸದ್ದು: ಇವನ್ನು ನೆನೆದು ಪುಲಕಗೊಳ್ಳುವವರು ಜಗತ್ತಿನೆಲ್ಲೆಡೆ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಈ ಪೋರ್ಟು ಬರಿಯ ನೆನಪಿನ ವಸ್ತುವಲ್ಲ. ಒಂದು ಕಾಲಘಟ್ಟದ ಕನ್ನಡ ಬರಹಕ್ಕೆ ಉಳಿದಿರುವ ಬಾಗಿಲು.

ಕನ್ನಡವು ಗಣಕವನ್ನು ಪ್ರವೇಶಿಸಿದ್ದು ಯಂತ್ರಾಂಶದ ಮೂಲಕವೇ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಯಂತ್ರದ ಒಳಗಿನ ಸ್ಲಾಟಿನಲ್ಲಿ ಕೂರಿಸಿದರೆ ಡಾಸ್ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅದರ ಹಿಂದಿದ್ದ ‘ಇಸ್ಕಿ’ ಸಂಕೇತ ವ್ಯವಸ್ಥೆ 1991ರಲ್ಲಿ ಭಾರತೀಯ ಮಾನಕವಾಯಿತು. ಅದು ಅಕ್ಷರದ ಆಕಾರಕ್ಕಲ್ಲ, ಅಕ್ಷರಕ್ಕೇ ಸಂಖ್ಯೆಯನ್ನು ಕೊಟ್ಟ ವ್ಯವಸ್ಥೆ. ಆದರೆ ಡಿಟಿಪಿಯ ಲೋಕ ಬೇರೆ ದಾರಿ ಹಿಡಿಯಿತು. ಅಲ್ಲಿ ತಲೆಕಟ್ಟು, ಗುಣಿತ, ಒತ್ತುಗಳ ತುಂಡು ಆಕಾರಗಳನ್ನು 256 ಮನೆಗಳೊಳಗೆ ತುಂಬಿಸಿದ ಫಾಂಟುಗಳು ಬಂದವು. ಯಾವ ಆಕಾರ ಯಾವ ಮನೆಯಲ್ಲಿ ಎಂಬುದು ಒಂದೊಂದು ಸಂಸ್ಥೆಗೆ ಒಂದೊಂದು ರೀತಿ. ಹೀಗಾಗಿ ಒಂದರಲ್ಲಿ ಕೂಡಿಸಿದ ಪಠ್ಯವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳಷ್ಟೇ ಕಾಣುತ್ತವೆ.

ಇದರ ಜೊತೆಗೆ ಇನ್ನೊಂದು ಬೀಗ. ಆ ಕಾಲದ ಡಿಟಿಪಿ ತಂತ್ರಾಂಶಗಳಲ್ಲಿ ಕೆಲವು ನಕಲು ತಡೆಯಲು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಪುಟ್ಟ ‘ಡಾಂಗಲ್’ನೊಂದಿಗೆ ಬರುತ್ತಿದ್ದವು. ಅದಿಲ್ಲದೆ ಅವು ಕೆಲಸ ಮಾಡವು. 1996ರಲ್ಲಿ ಯುಎಸ್‌ಬಿ ಬಂದಿತು. ಕ್ರಮೇಣ ಪ್ರಿಂಟರ್ ಪೋರ್ಟು ಹೊಸ ಯಂತ್ರಗಳಿಂದ ಮಾಯವಾಯಿತು. ಪೇಟೆಯಲ್ಲಿ ಸಿಗುವ ಪರಿವರ್ತಕ ಕೇಬಲ್ಲುಗಳು ಮುದ್ರಕಕ್ಕೆ ಸಾಕಾಗುತ್ತವೆ, ಹಳೆಯ ಡಾಂಗಲ್ಲಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಗೆ ನಿಂತಿತು. ಸೋನಿ ಸಂಸ್ಥೆ 2011ರಲ್ಲಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. ಇಪ್ಪತ್ತೈದು-ಮೂವತ್ತು ವರ್ಷಗಳ ಹಿಂದಿನ ಒಂದು ಕಡತವನ್ನು ಓದಬೇಕಾದರೆ ಇಂದು ಡ್ರೈವು, ಪೋರ್ಟು, ತಂತ್ರಾಂಶ, ಫಾಂಟು ಎಂಬ ನಾಲ್ಕು ಬಾಗಿಲುಗಳನ್ನು ದಾಟಬೇಕು.

ಪುಸ್ತಕ ಅಚ್ಚಾಗಿದೆಯಲ್ಲ, ಕಡತವೇಕೆ ಎಂದು ಕೇಳಬಹುದು. ಅಚ್ಚಾದುದರ ಮಟ್ಟಿಗೆ ಈ ಪ್ರಶ್ನೆ ನ್ಯಾಯವಾದುದೇ. ಬಳ್ಳಾರಿ ಮದರಾಸು ಪ್ರಾಂತಕ್ಕೆ ಸೇರಿದ್ದಾಗ, ಆ ಪ್ರಾಂತದ ಕನ್ನಡ ಶಾಸನಗಳ ಸಂಪುಟವೊಂದು 1939ರಲ್ಲಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಮಾಲೆಯಲ್ಲಿ ಪ್ರಕಟವಾಯಿತು. ಇಂದಿಗೂ ಕಪಾಟಿನಿಂದ ತೆಗೆದು ಓದಬಹುದು. ಆದರೆ ಅಚ್ಚಾಗದೆ ಉಳಿದುದರ ಗತಿಯೇನು? ಮೂರು ನಾಲ್ಕು ಪ್ರತಿಗಳಷ್ಟೇ ಬೈಂಡಾದ ಪ್ರಬಂಧಗಳು, ಕ್ಷೇತ್ರಕಾರ್ಯದಲ್ಲಿ ಬರೆದುಕೊಂಡ ಹಾಡುಗಳು, ಕುರುಗೋಡಿನಂತಹ ಶಾಸನಬಹುಳ ಊರುಗಳಲ್ಲಿ ಮಾಡಿಕೊಂಡ ಓದಿನ ಟಿಪ್ಪಣಿಗಳು, ಸಣ್ಣ ಊರಿನ ಸ್ಮರಣ ಸಂಚಿಕೆಗಳು: ಇಂಥವು ಬಳ್ಳಾರಿ, ಸಿರುಗುಪ್ಪಗಳ ಡಿಟಿಪಿ ಅಂಗಡಿಯ ಫ್ಲಾಪಿಯಲ್ಲಿ ಉಳಿದಿದ್ದರೆ, ಬಳ್ಳಾರಿಯ ಬಿಸಿಲೂ ಧೂಳೂ ಅವುಗಳಿಗೆ ಬಹಳ ಕಾಲ ಕೊಡಲಾರವು.

ನಮ್ಮ ಪರಂಪರೆಗೆ ಈ ಸಮಸ್ಯೆ ಹೊಸದಲ್ಲ. ಓಲೆಗರಿ ಸವೆಯುತ್ತದೆಂಬುದನ್ನು ಬಲ್ಲ ಸಮಾಜವು ಪ್ರತಿ ಮಾಡಿಸುವುದನ್ನೇ ದಾನವೆಂದು ಎಣಿಸಿತು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಸಂಗತಿ ಪ್ರಸಿದ್ಧವಾದುದು. ಮೂಡಬಿದಿರೆಯಲ್ಲಿ ಹಳೆಗನ್ನಡ ಲಿಪಿಯ ಓಲೆಗಳಲ್ಲಿದ್ದ ಧವಳಾ ಟೀಕೆ ಕಾಗದಕ್ಕೆ ಇಳಿದು, 1939ರಿಂದ ಮುದ್ರಣ ಕಂಡಿತು. ಓಲೆಯನ್ನು ಪೂಜಿಸಿದ್ದರಿಂದ ಅದು ಉಳಿದಿರಬಹುದು. ಗ್ರಂಥವಾಗಿ ವಿದ್ವಾಂಸರ ಕೈಸೇರಿದ್ದು ಪ್ರತಿ ಮಾಡಿದ್ದರಿಂದಲೇ. ಹಳೆಯ ಯಂತ್ರದ ಬಗೆಗಿನ ನಮ್ಮ ಭಾವುಕತೆಯೂ ಈ ಎರಡನೆಯ ಹೆಜ್ಜೆಯನ್ನು ಇಡಬೇಕು.

ಮಾಡಬೇಕಾದುದು ದೊಡ್ಡದೇನಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಂತಹ ಸಂಸ್ಥೆಯ ಗ್ರಂಥಾಲಯದಲ್ಲಿ ಪ್ರಿಂಟರ್ ಪೋರ್ಟು ಮತ್ತು ಎರಡೂ ಅಳತೆಯ ಫ್ಲಾಪಿ ಡ್ರೈವುಗಳಿರುವ ಒಂದು ಹಳೆಯ ಯಂತ್ರವನ್ನು ನಡೆಯುವ ಸ್ಥಿತಿಯಲ್ಲಿಡಬೇಕು. ಕಡತದೊಂದಿಗೆ ಅದರ ಫಾಂಟನ್ನೂ ಉಳಿಸಬೇಕು. ಫಾಂಟಿಲ್ಲದ ಕಡತ ಕೀಲಿಯಿಲ್ಲದ ಪೆಟ್ಟಿಗೆ. ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಮೂಲದೊಡನೆ ಸಾಲು ಸಾಲಾಗಿ ಹೋಲಿಸಬೇಕು. ಹಳಗನ್ನಡ ಪಠ್ಯದಲ್ಲಿ ಱ, ೞ ಅಕ್ಷರಗಳನ್ನು ವಿಶೇಷವಾಗಿ ನೋಡಬೇಕು. ಯುನಿಕೋಡಿನಲ್ಲೇ ೞ ಅಕ್ಷರದ ಅಧಿಕೃತ ಹೆಸರು ತಪ್ಪಾಗಿ ‘ಫಾ’ ಎಂದು ದಾಖಲಾಗಿ ಹಾಗೆಯೇ ನಿಂತಿದೆ. ಯಂತ್ರವನ್ನು ಕುರುಡಾಗಿ ನಂಬಬಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಹೋಲಿಕೆಯ ಕೆಲಸ ಗ್ರಂಥಸಂಪಾದನೆಯೇ. ಅದನ್ನು ತಂತ್ರಜ್ಞರಿಗೆ ಬಿಟ್ಟು ಸಾಹಿತ್ಯದ ಸಂಶೋಧಕರು ದೂರ ನಿಲ್ಲುವಂತಿಲ್ಲ.

ಬ್ರಾಹ್ಮಿಗೆ ಒಬ್ಬ ಪ್ರಿನ್ಸೆಪ್ ಸಿಗುವವರೆಗೆ ಕಲ್ಲು ಕಾದಿತು. ಕಾಂತೀಯ ಲೇಪದ ಪ್ಲಾಸ್ಟಿಕ್ ತಟ್ಟೆ ಅಷ್ಟು ಕಾಲ ಕಾಯಲಾರದು. ಆ ಫಾಂಟುಗಳಲ್ಲಿ ಅಕ್ಷರ ಕೂಡಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಕಡತ ಯಾವ ತಂತ್ರಾಂಶದ್ದು, ಅದರ ಡಾಂಗಲ್ ಎಲ್ಲಿದೆ ಎಂದು ಅವರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.