ಬೇರೆ ತಟ್ಟೆ ಏಕೆ?

ರೋಗನಿರೋಧಕ ಶಕ್ತಿಯ ಪಾಠ ಮುಗಿಸಿ ತರಗತಿಯಿಂದ ಹೊರಬರುತ್ತಿದ್ದೆ. ಹುಡುಗಿಯೊಬ್ಬಳು ಹಿಂದೆಯೇ ಬಂದು, “ಸರ್, ಎಚ್‌ಐವಿ ಇರೋರು ಉಂಡ ತಟ್ಟೇಲಿ ಉಂಡ್ರೆ ನಮಗೂ ಬರುತ್ತಾ?” ಎಂದಳು. ಬರುವುದಿಲ್ಲ ಎಂದೆ. “ಮತ್ತೆ ಅವರಿಗೆ ಬೇರೆ ತಟ್ಟೆ ಯಾಕಿಡ್ತಾರೆ ಸರ್?” ಯಾರ ಮನೆಯಲ್ಲಿ ಎಂದು ನಾನು ಕೇಳಲಿಲ್ಲ. ಕೇಳಲೂಬಾರದು.

ಎಚ್‌ಐವಿ ವೈರಸ್ ನಮ್ಮ ರಕ್ತದ ಸಿಡಿ4 ಎಂಬ ಬಿಳಿ ಕಣಗಳೊಳಗೆ ಹೊಕ್ಕು, ಅವನ್ನೇ ಕಾರ್ಖಾನೆ ಮಾಡಿಕೊಂಡು ತನ್ನ ಪ್ರತಿಗಳನ್ನು ತಯಾರಿಸುತ್ತದೆ. ಎಆರ್‌ಟಿ ಔಷಧಿ ಈ ತಯಾರಿಕೆಯನ್ನು ತಡೆಯುತ್ತದೆ. ಆದರೆ ಕೆಲವು ಕಣಗಳಲ್ಲಿ ವೈರಸ್ ಮಲಗಿಯೇ ಇರುತ್ತದೆ. ಮಾತ್ರೆ ನಿಂತರೆ ಮತ್ತೆ ಏಳುತ್ತದೆ. ಆದ್ದರಿಂದಲೇ ಜೀವನಪೂರ್ತಿ ದಿನವೂ ಮಾತ್ರೆ. ಸರ್ಕಾರ 2004ರ ಏಪ್ರಿಲ್‌ನಿಂದ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. ಈಗ ಬಹುತೇಕ ವಯಸ್ಕರಿಗೆ ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. ತಪ್ಪದೆ ನುಂಗಿ, ಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕುಗ್ಗಿ, ಹಾಗೆಯೇ ಉಳಿದರೆ ಅವರಿಂದ ಬಾಳಸಂಗಾತಿಗೂ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ. ಇನ್ನು ತಟ್ಟೆಯ ಮಾತೆಲ್ಲಿ ಬಂತು?

ಬೇರೆ ತಟ್ಟೆಯಿಂದ ಯಾರಿಗೂ ರಕ್ಷಣೆಯಿಲ್ಲ, ಹಾನಿಯಂತೂ ಇದೆ. ತಟ್ಟೆ ಬೇರೆಯಾದವರು ಮಾತ್ರೆಯನ್ನೂ ಬಚ್ಚಿಡುತ್ತಾರೆ. ನೆಂಟರು ಬಂದರೆ, ಮದುವೆಗೆ ಹೋದರೆ ನಾಲ್ಕು ದಿನ ತಪ್ಪುತ್ತದೆ. ಗುರುತಿನವರು ನೋಡಿಯಾರೆಂದು ಹತ್ತಿರದ ಆಸ್ಪತ್ರೆ ಬಿಟ್ಟು ದೂರದ ಜಿಲ್ಲೆಗೆ ಹೋಗುತ್ತಾರೆ. ಬಸ್ ಚಾರ್ಜೂ ಹೋಯಿತು, ಒಂದು ದಿನದ ಕೂಲಿಯೂ ಹೋಯಿತು. ಮಾತ್ರೆ ಹೀಗೆ ಪದೇ ಪದೇ ತಪ್ಪಿದರೆ ವೈರಸ್ ಹೆಚ್ಚುತ್ತದೆ, ಔಷಧಿಗೆ ಬಗ್ಗದ ಬಗೆಯೂ ಹುಟ್ಟಬಹುದು. ಬೆನ್ನಿಗೇ ಕ್ಷಯ ಬರುವ ಭಯ. ಆಸ್ಪತ್ರೆಯಲ್ಲಿ ಕೊಟ್ಟ ಚಿಕಿತ್ಸೆಯನ್ನು ನಾವು ಅಡುಗೆಮನೆಯಲ್ಲಿ ಕೆಡಿಸುತ್ತಿದ್ದೇವೆ.

ಪಾಲಕರಿಗೂ ಒಂದು ಮಾತು. ಬಹಳ ವರ್ಷಗಳ ಹಿಂದೆ ನಾನಿದ್ದ ಶಾಲೆಯೊಂದರಲ್ಲಿ, ಎಚ್‌ಐವಿ ಇದ್ದ ಹುಡುಗನನ್ನು ಬೇರೆ ಕೂರಿಸಿ ಎಂದು ಕೆಲವು ಪಾಲಕರು ಹಟ ಹಿಡಿದರು. ಮುಟ್ಟಿದರೆ, ಜೊತೆಗೆ ಕೂತರೆ ಬರುವುದಿಲ್ಲವೆಂದು ಬಿಎಸ್ಸಿ ಓದಿದ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಹುಡುಗ ನಡುವರ್ಷದಲ್ಲೇ ಶಾಲೆ ಬಿಟ್ಟ. ಅವನು ಕೂರುತ್ತಿದ್ದ ಬೆಂಚು ಈಗಲೂ ನೆನಪಿಗೆ ಬರುತ್ತದೆ.

ಇಂದು ಹಾಗೆ ಮಾಡುವುದು ಕಾನೂನಿಗೆ ವಿರುದ್ಧ. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಶಾಲೆ, ನೌಕರಿ, ಆಸ್ಪತ್ರೆ, ಬಾಡಿಗೆ ಮನೆ ಎಲ್ಲಿಯೂ ತಾರತಮ್ಯ ಸಲ್ಲದು. ಅದರ ಬಗ್ಗೆ ಸಂದೇಹವಿದ್ದರೆ ಉಚಿತ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಮರುವಾರ ಆ ಹುಡುಗಿ ಮತ್ತೆ ಬಂದಳು. “ಸರ್, ಮಾತ್ರೆ ಟೈಮಿಗೆ ಅಲಾರಂ ಇಟ್ಟುಕೊಟ್ಟರೆ ಆಗುತ್ತಾ?”

ಆಗುತ್ತಮ್ಮಾ, ಎಂದೆ. ರಾತ್ರಿ ಊಟದ ಹೊತ್ತಿಗೇ ಇಡು.