"ಮನೇಲಿ ಗಂಡಸರು ಯಾರೂ ಇಲ್ವಾ ಮೇಡಂ?"

ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವವರು ನಾವು. ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸಿ, ವಾಸನೆ ಬರುತ್ತಿದೆಯೇ ಎಂದು ಮೂಗೊಡ್ಡಿ ನೋಡುವವರೂ ನಾವೇ. ಸಿಡಿದರೆ ಪ್ರಾಣಕ್ಕೇ ಎರವಾಗುವ ವಸ್ತುಗಳನ್ನು ಮೂರು ಹೊತ್ತೂ ಪಳಗಿಸುವ ನಮಗೆ ಮನೆಯ ಒಂದು ಪೆಟ್ಟಿಗೆ ಮಾತ್ರ ನಿಷಿದ್ಧ. ಅದೇ, ಗೋಡೆಯ ಮೇಲೆ ಕೊಂಬು ನಿಮಿರಿಸಿಕೊಂಡು ಕೂತಿರುವ ವೈಫೈ ರೂಟರ್! ಅದು ಕೈಕೊಟ್ಟ ಕೂಡಲೇ ಅಪ್ಪಣೆಯಾಗುತ್ತದೆ: "ನೀನು ಮುಟ್ಟಬೇಡ, ಸಂಜೆ ಬಂದು ನೋಡ್ತೀನಿ." ಅಡಾಪ್ಟರಿನಿಂದ ಅದಕ್ಕೆ ಹರಿಯುವುದು ಸಾಮಾನ್ಯವಾಗಿ 12 ವೋಲ್ಟ್. ನಾವು ದಿನಾ ತಿರುಗಿಸುವ ಮಿಕ್ಸಿಗೆ 230!

ಸಂಜೆಯವರೆಗೆ ಕಾಯುವವರು ಯಾರು? ಕುಣಿಗಲ್‌ನಲ್ಲಿರುವ ನನ್ನ ತಂಗಿಯ ಸೊಸೆ ಬೆಂಗಳೂರಿನ ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಮೀಟಿಂಗ್ ನಡುವೆ ಸಂಪರ್ಕ ಕಡಿದರೆ ಮಾತು ಕೇಳಬೇಕಾದವಳು ಅವಳು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಗುಬ್ಬಿ ಕಡೆಯ ನನ್ನ ವಿದ್ಯಾರ್ಥಿನಿಯರು ಅಣ್ಣನ ಮೊಬೈಲು ಬಿಡುವಾಗಲೆಂದು ಕಾದು ಕೂತಿದ್ದರು. ಪಾಠ ತಪ್ಪಿದ್ದು ಅಣ್ಣನಿಗಲ್ಲ.

"ಇದು ಹೆಂಗಸರ ವಿದ್ಯೆಯಲ್ಲ" ಎನ್ನುವವರಿಗೆ ಒಂದು ಸಂಗತಿ. ಕಂಪ್ಯೂಟರ್ ಜಾಲದಲ್ಲಿ ಮಾಹಿತಿ ಒಂದೇ ಕಡೆ ಗಿರಕಿ ಹೊಡೆದು ಸಿಕ್ಕಿಕೊಳ್ಳದಂತೆ ದಾರಿ ಮಾಡಿಕೊಡುವ ಸೂತ್ರವನ್ನು 1985ರಲ್ಲಿ ಪ್ರಕಟಿಸಿದವರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಮಹಿಳೆ!

ನಮಗೆ ಬೇಕಾದದ್ದು ಅಷ್ಟು ವಿದ್ಯೆಯೂ ಅಲ್ಲ. ದೀಪ ನೋಡಲು ಬಂದರೆ ಸಾಕು. ಒಂದು ದೀಪವೂ ಇಲ್ಲವೇ? ಪ್ಲಗ್ಗು, ಅಡಾಪ್ಟರ್ ನೋಡಿ. ತುಮಕೂರಿನ ಬಹಳಷ್ಟು ಮನೆಗಳಿಗೆ ಈಗ ಬರುವುದು ಫೈಬರ್, ಅಂದರೆ ಕೂದಲೆಳೆಯಂಥ ಗಾಜಿನ ತಂತಿ. 'ಎಲ್‌ಓಎಸ್' ಎಂಬ ದೀಪ ಕೆಂಪಗಾದರೆ ಆ ತಂತಿಯಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಬೀರುವಿನ ಸಂದಿಯಲ್ಲಿ ತಂತಿ ಮಡಿಚಿದೆಯೇ ನೋಡಿ. ಇಲ್ಲವಾದರೆ ದೂರು ಕೊಡಿ. ದೀಪಗಳೆಲ್ಲ ಹಸಿರಿದ್ದೂ ಫೋನಿಗೆ ಸಿಗದಿದ್ದರೆ, ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ಜೋಡಿಸಿ. ಆಗ ಸಿಕ್ಕರೆ ದೋಷ ವೈಫೈಯದು. 5 ಗಿಗಾಹರ್ಟ್ಸ್ ವೇಗವಾದರೂ ಗೋಡೆ ಅಡ್ಡ ಬಂದರೆ ಸೊರಗುತ್ತದೆ, 2.4 ನಿಧಾನವಾದರೂ ದೂರ ತಲುಪುತ್ತದೆ. ಟಿವಿಯ ಹಿಂದೆಯೋ ಕಬ್ಬಿಣದ ಬೀರುವಿನ ಪಕ್ಕದಲ್ಲೋ ಅವಿತಿಟ್ಟ ಪೆಟ್ಟಿಗೆ ಏನು ತಾನೇ ಮಾಡೀತು! ಸೂಜಿಮೊನೆಯಷ್ಟಿರುವ ರೀಸೆಟ್ ರಂಧ್ರವನ್ನು ಮಾತ್ರ ಚುಚ್ಚಬೇಡಿ, ಹೊಂದಿಸಿಟ್ಟದ್ದೆಲ್ಲ ಅಳಿಸಿಹೋಗುತ್ತದೆ.

ದಿನಾ ಆರಿಸಿ ಹಾಕುವುದು ರಿಪೇರಿಯಲ್ಲ, ರೋಗ ಮುಚ್ಚಿಡುವುದು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಬರೆದಿಡಿ: ಎಷ್ಟು ಗಂಟೆಗೆ ಕಡಿಯಿತು, ಯಾವ ದೀಪ ಕೆಂಪಗಿತ್ತು. ರಿಪೇರಿಗೆ ಬಂದ ಹುಡುಗ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಮನೇಲಿ ಗಂಡಸರು ಯಾರೂ ಇಲ್ವಾ ಮೇಡಂ?" ಹತ್ತು ದಿನದ ಲೆಕ್ಕ ಮುಂದಿಟ್ಟೆ. ಮರುಮಾತಾಡದೆ ಕಂಬ ಹತ್ತಿದ.

"ಇನ್ನೊಂದು ಕೆಲಸ ನಮ್ಮ ತಲೆಗೇಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಆದರೆ ಕೆಲಸ ಕಲಿಯದಿದ್ದರೆ ಉಳಿಯುವುದು ವಿರಾಮವಲ್ಲ, ಕಾಯುವಿಕೆ. ಅದಕ್ಕಿಂತ ದೊಡ್ಡ ಬೀಗ ಇನ್ನೊಂದಿದೆ. ಸಂಪರ್ಕ ಯಾರ ಹೆಸರಿನಲ್ಲಿದೆ? ದೂರು ಕೊಟ್ಟರೆ ಓಟಿಪಿ ಯಾರ ಫೋನಿಗೆ ಹೋಗುತ್ತದೆ? ಪಾಸ್‌ವರ್ಡ್ ಯಾರಿಗೆ ಗೊತ್ತು? ಬಿಲ್ಲು ಕಟ್ಟುವ ದುಡ್ಡಿನಲ್ಲಿ ನಿಮ್ಮ ಸಂಬಳವೋ ಉಳಿತಾಯವೋ ಇದ್ದೇ ಇರುತ್ತದೆ. ಹಾಗಿದ್ದ ಮೇಲೆ, ಕಂಪನಿಯ ದಾಖಲೆಯಲ್ಲಿ ನಿಮ್ಮ ನಂಬರನ್ನೂ ಸೇರಿಸಿ ಎಂದು ಈ ವಾರವೇ ಕೇಳಿ. ಮನೆಯಲ್ಲಿ ಯಾರಾದರೂ ಯಾಕೆಂದು ಹುಬ್ಬೇರಿಸಿದರೆ, ಮೊದಲು ಆ ಹುಬ್ಬನ್ನು ರಿಪೇರಿ ಮಾಡಿ, ಪೆಟ್ಟಿಗೆಯದು ಆಮೇಲೆ.